ಬೇಕರಿಯವನ ಮನೆಯ ಊಟ

ಶಾಲೆಯಿಂದ ಬಂದ ಕಾಗದವನ್ನು ಬೇಕರಿಯವನು ಮೂರು ಸಲ ಓದಿದ. ಮೊದಲ ಸಲ ಒಲೆಯ ಮುಂದೆ ನಿಂತುಕೊಂಡು, ಎರಡನೆಯ ಸಲ ಹಿಟ್ಟಿನ ಮೂಟೆಯ ಮೇಲೆ ಕೂತು, ಮೂರನೆಯ ಸಲ ಕನ್ನಡಕದ ಹಿಟ್ಟು ಒರೆಸಿಕೊಂಡು. ಮೂರು ಸಲವೂ ಅದು ಹೇಳಿದ್ದು ಅದನ್ನೇ. ಶಾಲೆಯ ಆರೋಗ್ಯ ತಪಾಸಣೆಯಲ್ಲಿ, ಆರನೇ ತರಗತಿಯ ನಿಮ್ಮ ಮಗಳ ತೂಕ ವಯಸ್ಸಿಗೆ ಮೀರಿರುವುದು ಕಂಡುಬಂದಿದೆ. ರಕ್ತದಲ್ಲಿ ಸಕ್ಕರೆ ತುಸು ಹೆಚ್ಚಿದೆ. ಆದಷ್ಟು ಬೇಗ ಡಾಕ್ಟರನ್ನು ಕಾಣುವುದು ಒಳ್ಳೆಯದು.

'ತುಸು' ಎಂಬ ಮಾತು ಅವನ ಕಣ್ಣಿಗೆ ಬೀಳಲೇ ಇಲ್ಲ. ಬಿದ್ದದ್ದು 'ಸಕ್ಕರೆ' ಒಂದೇ. ಅವನ ಅಣ್ಣನಿಗೂ ಇದೇ ಕಾಯಿಲೆ. ಹತ್ತು ವರ್ಷ ಅದನ್ನು ಲೆಕ್ಕಿಸದೆ, ಕಾಲಿನ ಗಾಯವನ್ನು ಕಾಲುಚೀಲದೊಳಗೆ ಬಚ್ಚಿಟ್ಟುಕೊಂಡು ಓಡಾಡಿ, ಕೊನೆಗೆ ಹೋದ ವರ್ಷ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಿದ್ದ. ಆವತ್ತು ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಉಗುರು ಕಚ್ಚಿದವನು ಈ ಬೇಕರಿಯವನೇ. ಆ ಬೆಂಚಿನ ತಣ್ಣನೆಯ ಕಬ್ಬಿಣ ಈಗಲೂ ಅವನ ತೊಡೆಗೆ ನೆನಪಿತ್ತು.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಬೆಳಿಗ್ಗೆ ನಾಲ್ಕಕ್ಕೇ ಒಲೆ ಹಚ್ಚುವ ಅವನ ಕೆಲಸ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತಿತ್ತು. ಮುಗಿದಾಗ ಮಾರಾಟವಾಗದೆ ಉಳಿದ ಸಿಹಿ ಬನ್ನು, ಅಂಚು ಮುರಿದ ಕೇಕು, ಜಾಮ್ ಸುರುಳಿ ಎಲ್ಲ ಒಂದು ಚೀಲದಲ್ಲಿ ತುಂಬಿ ಅವನ ಕೈಗೆ ಬರುತ್ತಿತ್ತು. ಅಪ್ಪ ಆದವನು ಬರಿಗೈಲಿ ಮನೆಗೆ ಹೋಗಬಾರದು ಎನ್ನುವುದು ಅವನ ನಿಯಮ. ಚೀಲದ ಸದ್ದು ಕೇಳಿದರೆ ಮಗಳು ಬಾಗಿಲಿಗೆ ಓಡಿ ಬರುತ್ತಿದ್ದಳು. ಹುಟ್ಟಿದಾಗಲೇ ಕೆನ್ನೆ ನೋಡಿ ಅವಳಿಗೆ ಬನ್ನು ಎಂದು ಹೆಸರಿಟ್ಟವನೂ ಅವನೇ. ಅವಳ ತಮ್ಮ, ಏಳು ವರ್ಷದವನು, ಎಷ್ಟು ತಿಂದರೂ ಮೈಗೆ ಹತ್ತದವನು, ಅವನು ಕಡ್ಡಿ.

'ನನ್ನ ಮಗುವಿಗೆ ನಾನೇ ಕೈಯಾರೆ ವಿಷ ಹಾಕಿದೆನಲ್ಲ' ಎಂದುಕೊಂಡ ಬೇಕರಿಯವನು. ಆವತ್ತು ಚೀಲವಿಲ್ಲದೆ ಮನೆಗೆ ಹೋದ.

ಹೆಂಡತಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಗುಮಾಸ್ತೆ. ಕಾಗದ ಓದಿದವಳೇ, "ನಾಳೆ ರಜೆ ಹಾಕ್ತೀನಿ, ಡಾಕ್ಟ್ರ ಹತ್ರ ಹೋಗೋಣ" ಎಂದಳು.

"ಇರು, ಮೊದ್ಲು ತೂಕ ಇಳಿಸೋಣ. ಆಮೇಲೆ ತೋರಿಸಿದ್ರಾಯ್ತು. ಈಗ ಹೋದ್ರೆ ಏನೇನ್ ಹೇಳ್ತಾರೋ."

"ಮನೆ ಗುಡಿಸಿದ್ಮೇಲೆ ಪೊರಕೆ ತರ್ತೀನಿ ಅಂದ ಹಾಗಾಯ್ತು" ಎಂದರು ಅತ್ತೆ. ಹೆಂಡತಿಯ ತಾಯಿ ಇವರ ಜೊತೆಗೇ ಇದ್ದರು. ಮಂಡಿ ನೋವು, ಚುರುಕು ನಾಲಿಗೆ, ಎರಡೂ ಅವರಿಗೆ ಸಮಸಮವಾಗಿದ್ದವು. ಅವರ ಮಾತಿಗೆ ಅಳಿಯ ಕಿವಿಗೊಡಲಿಲ್ಲ. ಡಾಕ್ಟರ ಬಾಯಿಂದ ಏನು ಕೇಳಬೇಕಾಗುತ್ತದೋ ಎಂಬ ಹೆದರಿಕೆಯಿಂದ ತಾನೇ ಡಾಕ್ಟರಾಗಿಬಿಟ್ಟ.

ಮರುದಿನದಿಂದ ಮನೆಯಲ್ಲಿ ಹೊಸ ಕಾನೂನು ಬಂತು. ಬನ್ನುವಿನ ತಟ್ಟೆಗೆ ಬೇಯಿಸಿದ ತರಕಾರಿ, ಅರ್ಧ ಸೌಟು ಅನ್ನ. ಮಿಕ್ಕವರಿಗೆ ಎಂದಿನಂತೆ ಕರಿದದ್ದು, ಹುರಿದದ್ದು, ಸಿಹಿ. ಬಿಸ್ಕತ್ತಿನ ಡಬ್ಬ ಬೀರುವಿನ ಮೇಲೇರಿತು. ಸಂಜೆ ಹಿತ್ತಿಲಲ್ಲಿ ಹಗ್ಗದಾಟ. ಅವನು ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಕಡಲೆಬೀಜ ಮೆಲ್ಲುತ್ತ ಎಣಿಸುವವನು. ಅವಳು ಏದುಸಿರು ಬಿಡುತ್ತ ಜಿಗಿಯುವವಳು. ಪಕ್ಕದ ಮನೆಯ ಮಕ್ಕಳು ಗೋಡೆಯ ಮೇಲಿಂದ ಇಣುಕಿ ನಗುತ್ತಿದ್ದರು. ಅದು ಅವನಿಗೆ ಕಾಣಲಿಲ್ಲ, ಅವಳಿಗೆ ಕಂಡಿತು.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಅತ್ತೆ ಅವನ ಹೊಟ್ಟೆಯತ್ತ ನೋಡಿ ಹೇಳಿದರು. "ಒಂದೇ ಮನೇಲಿ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ನೋಡೋಕಾಗಲ್ಲಪ್ಪ ನಂಗೆ."

"ಕಡ್ಡಿಗೆ ಏನ್ ಕಾಯಿಲೆ? ಅವನ್ಯಾಕೆ ಬಿಡ್ಬೇಕು?" ಎಂದ ಅವನು.

ಆದರೆ ಅವನಿಗೆ ನೆಮ್ಮದಿಯೇನೂ ಇರಲಿಲ್ಲ. ಹಿಟ್ಟು ನಾದುವಾಗ, ತಟ್ಟೆಗಳನ್ನು ಒಲೆಗೆ ತಳ್ಳುವಾಗ, ಶಾಲೆಯ ಗೇಟಿನ ಪಕ್ಕದ ಮಿಠಾಯಿ ಅಂಗಡಿಯೇ ಕಣ್ಣ ಮುಂದೆ ಬರುತ್ತಿತ್ತು. ಯಾರಾದರೂ ಅವಳಿಗೆ ಏನಾದರೂ ಕೊಟ್ಟರೆ? ಒಂದು ದಿನ ಅವಳ ಪುಸ್ತಕದ ಚೀಲ ತಡಕಿದ. ಜಾಮೆಟ್ರಿ ಪೆಟ್ಟಿಗೆಯಲ್ಲಿ ಒಂದು ಚಾಕೊಲೇಟಿನ ಕಾಗದ ಸಿಕ್ಕಿತು, ಖಾಲಿಯದು. ಅದನ್ನು ಹಿಡಿದುಕೊಂಡು ಮಗಳ ಮುಂದೆ ನಿಂತ. ಸಿಟ್ಟೋ ಭಯವೋ ಅವನಿಗೇ ತಿಳಿಯಲಿಲ್ಲ.

"ದೊಡ್ಡಪ್ಪನ ಕಾಲು ನೋಡಿದ್ಯಲ್ಲ?" ಎಂದ. "ಅವ್ರೂ ಹೀಗೇ ಕದ್ದು ತಿಂತಿದ್ರು. ನಿಂಗೂ ಹಾಗೇ ಆಗ್ಬೇಕಾ?"

ಹುಡುಗಿ ಅಳಲಿಲ್ಲ. ಮುಖ ಬಿಳುಚಿತು, ಅಷ್ಟೆ. "ಇಲ್ಲಪ್ಪ" ಎಂದು ಒಳಗೆ ಹೋದಳು. ಮಾತು ನಾಟಿತು ಎಂದು ಅವನಿಗೆ ಸಮಾಧಾನವೇ ಆಯಿತು. ಅದರ ಮುಂದಿನ ಎರಡು ವಾರ ಅವಳು ಎದುರಾಡಲಿಲ್ಲ, ಏನನ್ನೂ ಕೇಳಲಿಲ್ಲ. ಊಟದ ಡಬ್ಬ ಖಾಲಿಯಾಗಿ ಬರುತ್ತಿತ್ತು. ಕೆನ್ನೆ ಇಳಿಯಿತು. 'ನೋಡಿದ್ರಾ?' ಎಂಬಂತೆ ಅವನು ಅತ್ತೆಯತ್ತ ನೋಡಿದ. ಅವರು ಮಾತ್ರ ಮೊಮ್ಮಗಳ ಕಣ್ಣಿನ ಕೆಳಗೆ ಮೂಡಿದ ಕಪ್ಪನ್ನೇ ನೋಡುತ್ತಿದ್ದರು.

ಒಂದು ಗುರುವಾರ ಹನ್ನೊಂದು ಗಂಟೆಗೆ ಬೇಕರಿಯ ಫೋನು ಬಡಿದುಕೊಂಡಿತು. ಬನ್ನು ಶಾಲೆಯ ಮೆಟ್ಟಿಲಿನ ಮೇಲೆ ತಲೆಸುತ್ತಿ ಬಿದ್ದಿದ್ದಾಳೆ, ಬೇಗ ಬನ್ನಿ.

ಒಲೆಯಲ್ಲಿ ನಲವತ್ತು ಬ್ರೆಡ್ಡಿದ್ದವು. ಅವನು ಏಪ್ರನ್ ಕೂಡ ಬಿಚ್ಚದೆ ರಸ್ತೆಗಿಳಿದ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ, ಓಡಿದ. ಒಂದು ತಿರುವು ದಾಟುವಷ್ಟರಲ್ಲಿ ಎದೆಗೆ ಹಾರೆಯಲ್ಲಿ ಹೊಡೆದಂತಾಯಿತು. ದೀಪದ ಕಂಬ ಹಿಡಿದು ನಿಂತ. ಹಿಟ್ಟು ಮೆತ್ತಿದ ಆ ದಪ್ಪ ಮನುಷ್ಯನನ್ನು ಜನ ಸುತ್ತುಹಾಕಿಕೊಂಡು ಹೋದರು. 'ಕಾಲು, ಅವಳ ಕಾಲಿಗೇನಾದರೂ...' ಎಂದು ಏನೇನೋ ಗೊಣಗುತ್ತ ಮತ್ತೆ ಓಡಿದ, ಮತ್ತೆ ನಿಂತ. ಹದಿನೈದು ನಿಮಿಷದ ದಾರಿ ಅವನಿಗೆ ಮುಗಿಯುವುದೇ ಇಲ್ಲ ಎನಿಸಿತು.

ಬನ್ನು ನರ್ಸಿನ ಕೋಣೆಯ ಮಂಚದ ಮೇಲೆ ಒರಗಿದ್ದಳು. ಹಣೆಯ ಮೇಲೆ ಸಣ್ಣ ಬುಗುಟು, ಕೈಯಲ್ಲಿ ಹಾಲಿನ ಲೋಟ. ಅವನನ್ನು ಕಂಡದ್ದೇ ಲೋಟವನ್ನು ಹಾಸಿಗೆಯ ಹಿಂದೆ ಮರೆಮಾಡಿದಳು.

"ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲವಂತೆ" ಎಂದರು ನರ್ಸಮ್ಮ. "ಡಬ್ಬಾನ ದಿನಾ ಗೆಳತಿಗೆ ಕೊಡ್ತಾಳಂತೆ. ಎರಡು ವಾರದಿಂದ."

"ಯಾಕಮ್ಮಾ?" ಎಂದ ಅವನು. ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ.

"ತಿಂದ್ರೆ ದೊಡ್ಡಪ್ಪನ ಥರ ನನ್ ಕಾಲೂ ತೆಗೀತಾರಲ್ಲ" ಎಂದಳು ಬನ್ನು. "ಹಾಲು ನಾನ್ ಕೇಳ್ಲಿಲ್ಲಪ್ಪ. ಅವ್ರೇ ಕೊಟ್ರು."

ಬೇಕರಿಯವನು ಮರೆಯಲ್ಲಿದ್ದ ಲೋಟ ತೆಗೆದು ಅವಳ ಕೈಗಿಟ್ಟು, ಅವಳು ಕುಡಿದು ಮುಗಿಸುವ ತನಕ ಮಂಡಿಯೂರಿ ಹಾಗೇ ಕೂತ.

ಆವತ್ತೇ ಡಾಕ್ಟರ ಹತ್ತಿರ ಹೋದರು. ಹೆಂಡತಿ ಕೆಲಸದಿಂದ ನೇರ ಅಲ್ಲಿಗೇ ಬಂದಳು. ಗಂಡನನ್ನು ದಾಟಿ ಹೋಗಿ ಮಗಳ ಪಕ್ಕ ಕೂತಳು. ಡಾಕ್ಟರಮ್ಮ ಕಾಗದ ನೋಡಿದರು, ಮಗುವನ್ನು ನೋಡಿದರು, ಆಮೇಲೆ ದೊಡ್ಡವರತ್ತ ತಿರುಗಿದರು.

"ಇವಳಿಗೆ ಕಾಯಿಲೆ ಇಲ್ಲ. ಕಾಯಿಲೆ ದಾರಿಗೆ ಹೋಗದ ಹಾಗೆ ನೋಡ್ಕೊಳ್ಳೋಕೆ ಬೇಕಾದಷ್ಟು ಸಮಯ ಇದೆ. ಬೆಳೆಯೋ ಮಗುವನ್ನ ಉಪವಾಸ ಕೆಡವಬಾರದು. ಮನೇಲಿ ಎಲ್ರೂ ಏನ್ ತಿಂತೀರಿ?"

ಉತ್ತರ ಹೇಳುತ್ತ ಹೇಳುತ್ತ ಬೇಕರಿಯವನ ದನಿ ಇಳಿಯಿತು.

"ನಿಮ್ಮಣ್ಣನಿಗೆ ಇದೆ ಅಂದ್ರಿ. ನೀವು ಯಾವಾಗ್ಲಾದ್ರೂ ಪರೀಕ್ಷೆ ಮಾಡಿಸಿದೀರಾ?"

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಕೈ ಕೊಡಿ" ಎಂದರು ಡಾಕ್ಟರಮ್ಮ.

ಮರುದಿನ ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಅವನಿಗೆ ಸಕ್ಕರೆ ಕಾಯಿಲೆ, 'ತುಸು' ಅಲ್ಲ, ಚೆನ್ನಾಗಿಯೇ ಬೇರೂರಿದ್ದು. ಮಾತ್ರೆ ಬರೆದುಕೊಟ್ಟರು. ಚೀಟಿಯನ್ನು ಅವನು ಅಂಗಿಯ ಒಳಜೇಬಿಗೆ ಸೇರಿಸಿದ, ಯಾರಿಗೂ ಹೇಳಲಿಲ್ಲ. ಎರಡು ದಿನ ಅದು ಕೆಂಡದಂತೆ ಎದೆ ಸುಟ್ಟಿತು. ಬೇಕರಿಯಲ್ಲಿ ಜಾಮ್ ಸುರುಳಿ ಕಂಡರೆ ಬಾಯಲ್ಲಿ ನೀರು, ಬೆನ್ನಲ್ಲಿ ಬೆವರು. ಸ್ನಾನ ಮಾಡುವಾಗ ಕಾಲ ಬೆರಳುಗಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡಿಕೊಂಡ. ಆಗ ಅವನಿಗೆ ತಾನು ಮಾಡುತ್ತಿರುವುದೇನೆಂದು ಹೊಳೆಯಿತು. ಅಣ್ಣ ಗಾಯ ಬಚ್ಚಿಟ್ಟ, ತಾನು ಚೀಟಿ.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅದನ್ನು ತೆಗೆದು ಮೇಜಿನ ಮೇಲಿಟ್ಟ.

"ನಂಗೂ ಇದೆ. ನಂಗೇ ಜಾಸ್ತಿ ಇದೆ."

ಹೆಂಡತಿ ಚಮಚ ಕೆಳಗಿಟ್ಟಳು. ಬನ್ನು ಮೇಜಿನ ಕೆಳಗೆ ಬಗ್ಗಿ ಅವನ ಪಾದ ನೋಡಿ, ಎದ್ದು ನೆಟ್ಟಗೆ ಕೂತಳು.

"ಅಪ್ಪ, ನಿನ್ ಕಾಲು ತೆಗೀತಾರಾ?"

ಬೇಕರಿಯವನಿಗೆ ತಾನೇ ಹೊತ್ತಿಸಿದ ಬೆಂಕಿಯ ಬಿಸಿ ಈಗ ತಾಗಿತು. ಗದರಿಸುವುದು ಸುಲಭವಿತ್ತು, ನಗಿಸುವುದು ಇನ್ನೂ ಸುಲಭ. ಎರಡನ್ನೂ ಮಾಡಲಿಲ್ಲ.

"ಇಲ್ಲ ಪುಟ್ಟಾ. ದೊಡ್ಡಪ್ಪ ಹತ್ತು ವರ್ಷ ಡಾಕ್ಟ್ರ ಹತ್ರ ಹೋಗ್ಲೇ ಇಲ್ಲ, ಅದಕ್ಕೆ ಹಾಗಾಯ್ತು. ನಾನ್ ಹೋಗಿದೀನಿ. ಮಾತ್ರೆ ಇದೆ. ಸರಿಯಾಗಿ ತಿಂದು, ನಡೆದಾಡಿದ್ರೆ ಹದ್ದುಬಸ್ತಲ್ಲಿ ಇರತ್ತಂತೆ. ನಿಂಗೆ ಆವತ್ತು ನಾನು ಹೇಳಿದ್ದು ತಪ್ಪು. ನಂಗೆ ಭಯ ಆಗಿತ್ತು, ಅದನ್ನ ನಿನ್ ತಲೆ ಮೇಲೆ ಹಾಕ್ದೆ." ಚೀಟಿಯನ್ನು ಅವಳತ್ತ ಸರಿಸಿ ಹೇಳಿದ: "ಈಗ್ಲೂ ಭಯ ಇದೆ. ಒಬ್ಬನ ಕೈಲಿ ಆಗಲ್ಲ ಇದು. ಜೊತೆಗೆ ಬರ್ತೀಯಾ?"

ಬನ್ನು ಒಂದು ಬೆರಳು ಮಡಚಿದಳು. "ಹಗ್ಗದಾಟ ಬೇಡ" ಎಂದಳು.

"ಬೇಡ."

"ಕಡ್ಡಿಗೂ ತರಕಾರಿ ಹಾಕ್ಬೇಕು."

"ನಾನೇನ್ ಮಾಡ್ದೆ?" ಎಂದು ಕಡ್ಡಿ ಕೂಗಿದ. ಎಷ್ಟೋ ದಿನಗಳ ಮೇಲೆ ಆ ಮೇಜಿನಲ್ಲಿ ಯಾರೋ ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಚೀಟಿಯನ್ನು ಮಡಚಿ ತನ್ನ ಪರ್ಸಿನಲ್ಲಿಟ್ಟುಕೊಂಡು, "ಇನ್ಮೇಲೆ ಈ ಮನೇಲಿ ಯಾವ ಕಾಗ್ದಾನೂ ಜೇಬಲ್ಲಿ ಇರಕೂಡ್ದು" ಎಂದಳು.

ಹೇಳಿದಷ್ಟು ಸಲೀಸಾಗಿ ಏನೂ ನಡೆಯಲಿಲ್ಲ. ಮೊದಲ ಸಂಜೆ ಕೆರೆಯ ಸುತ್ತ ನಡೆಯಲು ಹೊರಟವರು ಅರ್ಧ ಸುತ್ತಿಗೇ ಚೆಲ್ಲಾಪಿಲ್ಲಿಯಾದರು: ಅತ್ತೆ ಮೊದಲ ಬೆಂಚಿನಲ್ಲಿ, ಬೇಕರಿಯವನು ಎರಡನೆಯದರಲ್ಲಿ, ಕಡ್ಡಿ ಬಾತುಕೋಳಿಗಳ ಹಿಂದೆ. ಮೂರನೆಯ ದಿನ ಎಲ್ಲರಿಗೂ ಮೀನಖಂಡ ಹಿಡಿದು, ಯಾರೂ ಹೊರಡಲಿಲ್ಲ. ಒಂದು ವಾರ ಮನೆಯಲ್ಲಿ ಬರೀ ಸೊಪ್ಪು, ಸೌತೆಕಾಯಿ. ಕಡ್ಡಿ ತನ್ನ ಪಾಲನ್ನು ಹೂಕುಂಡದಲ್ಲಿ ಹೂತಿಟ್ಟ. "ಅತಿ ಮಾಡಿದ್ರೆ ಅಮೃತವೂ ವಿಷ. ಮನುಷ್ಯರು ತಿನ್ನೋ ಹಾಗೆ ಮಾಡ್ರೋ" ಎಂದು ಅತ್ತೆ ಸೌಟು ಕೈಗೆತ್ತಿಕೊಂಡರು. ಎಣ್ಣೆ ಕಮ್ಮಿ, ಕಾಳು ಜಾಸ್ತಿ, ಎಲ್ಲರಿಗೂ ಒಂದೇ ಪಾತ್ರೆಯಿಂದ. ಟೀವಿ ಆರಿಸಿ ಊಟ. ಸಿಹಿ ಭಾನುವಾರ ಮಾತ್ರ, ಅದೂ ಕೂತು, ಎಲ್ಲರೂ ಒಟ್ಟಿಗೆ.

ಬೇಕರಿಯವನು ಬಿಸಿ ಬನ್ನಿನ ಮುಂದೆ ಎರಡು ಸಲ ಸೋತ. ಎರಡು ಸಲವೂ ಮನೆಗೆ ಬಂದು ಬನ್ನುವಿಗೆ ಹೇಳಿಕೊಂಡ. "ಹೋಗ್ಲಿ ಬಿಡಪ್ಪ, ನಾಳೆ ನೋಡೋಣ" ಎಂದಳು ಅವಳು. ತಾನು ಅವಳಿಗೆ ಆ ಮಾತನ್ನು ಒಮ್ಮೆಯೂ ಹೇಳಿರಲಿಲ್ಲವಲ್ಲ ಎಂದು ಅವನಿಗೆ ಆಗ ಅನಿಸಿತು. ಒಂದು ದಿನ ಅವಳೇ ಕೇಳಿದಳು, "ಅಪ್ಪ, ಸ್ಕೂಲಲ್ಲಿ ಬ್ಯಾಡ್ಮಿಂಟನ್ ಕಲಿಸ್ತಾರೆ. ಸೇರ್ಲಾ?" ಬಿದ್ದರೆ, ತಲೆ ಸುತ್ತಿದರೆ, ಯಾರಾದರೂ ನಕ್ಕರೆ ಎಂದು ಮೂರು ಹೆದರಿಕೆ ಒಟ್ಟಿಗೆ ಅವನ ಬಾಯಿಗೆ ಬಂದವು. ಮೂರನ್ನೂ ನುಂಗಿ, "ಸೇರು" ಎಂದ.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಕಾಯುವ ಕೋಣೆಯಲ್ಲಿ ಐದೂ ಜನ ಸಾಲಾಗಿ ಕೂತರು. ಗೋಡೆಯ ಮೇಲಿನ ಚಾರ್ಟಿನ ಒಂದು ಅಕ್ಷರವೂ ಬೇಕರಿಯವನ ತಲೆಗೆ ಹತ್ತಲಿಲ್ಲ. ಒಳಗೆ ಡಾಕ್ಟರಮ್ಮ ಮೊದಲು ಬನ್ನುವಿನ ಹಾಳೆ ತೆಗೆದರು. ಸಕ್ಕರೆ ಗೆರೆಯ ಒಳಗೆ ಬಂದಿತ್ತು. ತೂಕ ಹೆಚ್ಚೇನೂ ಇಳಿದಿರಲಿಲ್ಲ. "ಎತ್ತರ ಬೆಳೀತಿದಾಳೆ. ತೂಕದ ಚಿಂತೆ ಬಿಡಿ, ಅಭ್ಯಾಸ ಬಿಡಬೇಡಿ" ಎಂದರು. ಆಮೇಲೆ ಅವನದು. ಇಳಿದಿದೆ, ಆದರೆ ಸಾಲದು. ಮಾತ್ರೆ ಮುಂದುವರಿಯಲಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ.

ಹೊರಗೆ ಬಂದಾಗ ಅವನ ಮುಖ ಸಣ್ಣದಾಗಿತ್ತು. "ನಾನು ಮಾತ್ರ ಫೇಲು" ಎಂದ.

"ಇಳಿದಿದೆ ಅಂದ್ರಲ್ರೀ" ಎಂದಳು ಹೆಂಡತಿ. "ಇಪ್ಪತ್ತು ವರ್ಷದಿಂದ ಒಲೆ ಮುಂದೆ ಕೂಡಿಹಾಕಿದ್ದು, ಮೂರು ತಿಂಗಳಲ್ಲಿ ಕರಗತ್ತಾ?"

ಬನ್ನು ಮತ್ತು ಕಡ್ಡಿ ಆಗಲೇ ರಸ್ತೆ ಬದಿಯ ಏರಿನಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುತ್ತಿದ್ದರು. ಅತ್ತೆ ತಮ್ಮ ಮಗಳ ತೋಳು ಹಿಡಿದು ನಿಧಾನಕ್ಕೆ ಹತ್ತತೊಡಗಿದರು. ಬೇಕರಿಯವನು ತುಸು ಹೊತ್ತು ನಿಂತು, ಮುಂದಿನ ಮೂರು ತಿಂಗಳ ಬಗ್ಗೆ ಎಷ್ಟು ಹೆದರಬೇಕೋ ಅಷ್ಟು ಹೆದರಿದ. ಆಮೇಲೆ ಪ್ಯಾಂಟು ಮೇಲಕ್ಕೆಳೆದುಕೊಂಡು ಅವರ ಹಿಂದೆ ಏರು ಹತ್ತಿದ.