ಅಜ್ಜಿ ಗುಡಿಸಿದ ಬಲೆ

ಕೊಹಾರುವಿನ ಕೈಗೂ ಕ್ಯಾಮೆರಾಕ್ಕೂ ಆಗಿಬರುತ್ತಿರಲಿಲ್ಲ. ಶಾಲೆಯ ಫೋಟೊ ಕ್ಲಬ್ಬಿಗೆ ಸೇರಿ ಇದು ಮೂರನೇ ವರ್ಷ. ಶಾಲಾ ಹಬ್ಬದ ಗೋಡೆಗೆ ಅವಳ ಒಂದೇ ಒಂದು ಚಿತ್ರವೂ ಏರಿರಲಿಲ್ಲ. ಮೊದಲ ವರ್ಷದ ಚಿತ್ರದಲ್ಲಿ ಅರ್ಧಕ್ಕರ್ಧ ಅವಳದೇ ಹೆಬ್ಬೆರಳಿತ್ತು. ಮರುವರ್ಷ ಓಡುವ ರೈಲನ್ನು ಹಿಡಿಯಲು ಹೋಗಿ, ರೈಲು ಹೋದ ಮೇಲಿನ ಹಳಿಯನ್ನು ಹಿಡಿದುಕೊಂಡು ಬಂದಿದ್ದಳು. ಈ ವರ್ಷ ಮುಗಿದರೆ ಶಾಲೆಯೇ ಮುಗಿಯಿತು.

"ಶನಿವಾರ ಸಂಜೆ ಒಳಗೆ ಚಿತ್ರ ತಂದ್ಕೊಡು. ಇಲ್ಲಾಂದ್ರೆ ನಿನ್ನ ಜಾಗಕ್ಕೆ ನನ್ನ ಮೋಡದ ಫೋಟೊ ಹಾಕ್ತೀನಿ," ಎಂದ ಕ್ಲಬ್ಬಿನ ನಾಯಕ ಮಿಶಿಮಾ.

"ಗೋಡೆ ತುಂಬ ನಿನ್ನ ಮೋಡಾನೇ ಇದೆಯಲ್ಲೋ!"

"ಮೋಡ ಮಸುಕಾದ್ರೂ ಯಾರಿಗೂ ಗೊತ್ತಾಗಲ್ಲ ಕಣೇ. ನೀನೂ ಅದನ್ನೇ ತೆಗಿ, ನಿಂಗೆ ಹೇಳಿ ಮಾಡಿಸಿದ್ದು."

ಅವನ ಮೋಡಕ್ಕೆ ಮಳೆ ಬರಲಿ ಎಂದು ಬೈದುಕೊಳ್ಳುತ್ತ ಮನೆಗೆ ಹೊರಟವಳು ತಮ್ಮ ಓಣಿಯ ಇವಾಸೆ ಅಜ್ಜಿಯ ಅಂಗಳದ ಮುಂದೆ ಗಕ್ಕನೆ ನಿಂತಳು. ಕೆಂಗಿತ್ತಳೆ ಬಣ್ಣದ ಕಾಕಿ ಹಣ್ಣು ಬಿಡುವ ಮರಕ್ಕೂ ಬಟ್ಟೆ ಒಣಗಿಸುವ ಗಳಕ್ಕೂ ನಡುವೆ ಬಾಗಿಲಗಲದ ಒಂದು ಜೇಡರ ಬಲೆ. ಸಂಜೆ ಬಿಸಿಲಿಗೆ ಎಳೆಎಳೆಯೂ ಚಿನ್ನ. ಮಧ್ಯದಲ್ಲಿ ಹಳದಿ ಪಟ್ಟೆಯ ಜೇಡ, ಮದುವೆಗೆ ಬಂದ ದೊಡ್ಡಮ್ಮನ ಹಾಗೆ ಮೈತುಂಬ ಸಿಂಗರಿಸಿಕೊಂಡು ಕೂತಿತ್ತು. ಎಲ್ಲಕ್ಕಿಂತ ಮುಖ್ಯ, ಅದು ರೈಲಿನ ಹಾಗೆ ಓಡುತ್ತಿರಲಿಲ್ಲ. ಬೆಳಿಗ್ಗೆ ಇಬ್ಬನಿ ಬಿದ್ದಾಗ ತೆಗೆದರೆ? ಕೊಹಾರುವಿಗೆ ಅಲ್ಲೇ ಕುಣಿಯುವ ಹಾಗಾಯಿತು.

ಅದು ಶುಕ್ರವಾರ. ಅಕ್ಕಿ ಬಿಸ್ಕತ್ತಿನ ಪೊಟ್ಟಣ ಕೊಂಡುಕೊಂಡು, ಅಪ್ಪಣೆ ಕೇಳಲು ಅಜ್ಜಿಯ ಬಾಗಿಲು ತಟ್ಟಿದಳು. ಅಜ್ಜಿ ಹೊರಗೆ ಬಂದ ಮೇಲೆ ಹೊಳೆಯಿತು: ಕೇಳುವುದು ಹೇಗೆ? ನಿಮ್ಮ ಮನೇಲಿ ಇಷ್ಟು ದೊಡ್ಡ ಜೇಡರ ಬಲೆ ಇದೆ ಎಂದರೆ, ನೀವು ಪೊರಕೆ ಮುಟ್ಟಿ ಎಷ್ಟು ಕಾಲವಾಯಿತು ಎಂದ ಹಾಗೆ. ಆ ಓಣಿಯಲ್ಲಿ ಅಂಥ ಮಾತನ್ನು ಹಗೆಯವರಿಗೂ ಆಡುವುದಿಲ್ಲ.

"ಅಜ್ಜಿ, ನಿಮ್ಮ ಅಂಗಳ ಎಷ್ಟು ಚೆನ್ನಾಗಿದೆ! ನಾಳೆ ಬೆಳಿಗ್ಗೆ ಬಂದು ಫೋಟೊ ತೆಗೀಲಾ? ಶಾಲೆ ಹಬ್ಬಕ್ಕೆ."

"ಅಯ್ಯೋ, ಈ ಗಲೀಜು ಅಂಗಳಾನಾ? ಬೇಡಮ್ಮ, ಬೇಡ." ಬೇಡ ಬೇಡ ಎನ್ನುತ್ತಲೇ ಪೊಟ್ಟಣ ಒಳಗೆ ಹೋಯಿತು. ಬೇಡ ಬೇಡ ಎನ್ನುತ್ತಲೇ, "ಎಷ್ಟೊತ್ತಿಗೆ ಬರ್ತೀಯ?" ಎಂದೂ ಕೇಳಿಯಾಯಿತು.

ಬೆಳಿಗ್ಗೆ ಸೂರ್ಯನ ಜೊತೆಗೇ ಕೊಹಾರು ಬಂದಳು. ಅಂಗಳ ಕನ್ನಡಿಯ ಹಾಗಿತ್ತು. ಕಲ್ಲುಗಳಿಗೆಲ್ಲ ಸ್ನಾನವಾಗಿತ್ತು. ಕಾಕಿ ಮರದ ಒಣ ಎಲೆ ಒಂದೂ ಉಳಿದಿರಲಿಲ್ಲ. ಬಟ್ಟೆಯ ಗಳ ಫಳಫಳ ಹೊಳೆಯುತ್ತಿತ್ತು. ಅಂಗಳದ ನಡುವೆ ಅಜ್ಜಿ, ಮೊಮ್ಮಗನ ಮದುವೆಗೆ ಉಟ್ಟಿದ್ದ ಕಿಮೊನೊ ಉಟ್ಟು, ತುಟಿಗೆ ಬಣ್ಣ ಹಚ್ಚಿ, ನೆಟ್ಟಗೆ ನಿಂತಿದ್ದರು.

ಬಲೆ ಇರಲಿಲ್ಲ.

"ಎಲ್ಲಿ ನಿಂತ್ಕೊಳ್ಲಿ? ಇಲ್ಲೇ ಸಾಕಾ?"

ಕೊಹಾರು ಬರಿಯ ಗಳದ ಕಡೆ ಒಮ್ಮೆ ನೋಡಿದಳು. ಅಜ್ಜಿಯ ಒಂದು ಫೋಟೊ ತೆಗೆದಳು. ಕ್ಯಾಮೆರಾ ಅಲುಗಿ ಅಜ್ಜಿಗೆ ಎರಡು ತಲೆ ಬಂದವು. ಚಹಾ ಬಂತು. ಕುಡಿಯುತ್ತ ಕುಡಿಯುತ್ತ ಕಣ್ಣಲ್ಲಿ ನೀರು ಬಂತು.

"ಬಿಸಿ ಜಾಸ್ತಿ ಆಯ್ತಾ?"

"ಇಲ್ಲ ಅಜ್ಜಿ. ಅಲ್ಲಿ... ಅಲ್ಲೊಂದು ಬಲೆ ಇತ್ತಲ್ಲ..."

ಅಜ್ಜಿಯ ಮುಖ ಕಾಕಿ ಹಣ್ಣಿನ ಬಣ್ಣಕ್ಕೆ ತಿರುಗಿತು. "ನೋಡಿಬಿಟ್ಟಿದ್ಯಾ? ಛೆ, ಮಾನ ಹೋಯ್ತು! ನಸುಕಿಗೇ ಎದ್ದು ತೆಗ್ದೆ ಕಣಮ್ಮ."

"ನಾನು ಬಂದಿದ್ದೇ ಅದಕ್ಕೆ ಅಜ್ಜಿ! ಅದರ ಫೋಟೊಗೆ! ಇವತ್ತು ಸಂಜೆ ಕೊಡ್ಲಿಲ್ಲಾಂದ್ರೆ ನನ್ನ ಜಾಗದಲ್ಲಿ ಮೋಡ ಹಾಕ್ತಾರೆ!"

ಮೋಡದ ವಿಷಯ ಅಜ್ಜಿಗೆ ಅರ್ಥವಾಗಲಿಲ್ಲ. ಆದರೆ ಹುಡುಗಿಯ ಕೆಂಪಾದ ಮೂಗಿನ ತುದಿ ಅರ್ಥವಾಯಿತು. "ನಿನ್ನೇನೇ ಬಾಯಿ ಬಿಟ್ಟು ಹೇಳೋದಕ್ಕೇನಾಗಿತ್ತು ನಿಂಗೆ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಈಗ ಇಬ್ರಿಗೂ ಆಯ್ತಲ್ಲ! ಏಳು. ಜೇಡ ಸತ್ತಿಲ್ಲ. ಬೆಳ್‌ಬೆಳಿಗ್ಗೆ ಜೇಡ ಕೊಂದ ಪಾಪ ನಂಗ್ಯಾಕೆ ಅಂತ ಎತ್ತಿ ಆ ಕಡೆ ಬಿಟ್ಟೆ."

ಆ ಕಡೆ ಎಂದರೆ ಪಕ್ಕದ ಮನೆಯ ತ್ಸುದಾ ತಾತನ ಬೇಲಿ. ಜೇಡ ಅಲ್ಲೇ ಎಲೆಯ ಮರೆಯಲ್ಲಿ ಮುನಿಸಿಕೊಂಡು ಕೂತಿತ್ತು. ಅಜ್ಜಿ ಕಿಮೊನೊದ ತೋಳು ಕಟ್ಟಿಕೊಂಡು ಬಿದಿರಿನ ಪೊರಕೆ ಚಾಚಿದರು. "ತಪ್ಪಾಯ್ತು ತಾಯಿ. ಗೊತ್ತಿಲ್ದೇ ಮಾಡ್ದೆ. ಮನೆಗೆ ಬನ್ನಿ." ತುಂಬ ಹೊತ್ತು ಬೇಡಿಸಿಕೊಂಡು ಜೇಡ ಪೊರಕೆ ಹತ್ತಿತು.

ಮರದ ಹತ್ತಿರ ಬಂದರೆ ಇಳಿಯಲು ಒಲ್ಲದು. ಪೊರಕೆಯ ತುದಿಯಿಂದ ಒಂದು ಎಳೆ ಬಿಟ್ಟಿತು. ಗಾಳಿಗೆ ಅದು ತೇಲಿ ಹೋಗಿ ಗಳಕ್ಕೆ ಅಂಟಿಕೊಂಡಿತು. ಜೇಡ ಆ ಎಳೆಯ ಮೇಲೆ ಹೋಯಿತು, ಬಂತು, ಇನ್ನೊಂದು ಬಿಟ್ಟಿತು.

"ಅಜ್ಜಿ, ಅಲುಗಾಡ್ಬೇಡಿ!" ಎಂದು ಪಿಸುಗುಟ್ಟಿದಳು ಕೊಹಾರು.

"ಅಲುಗಾಡೋದಾ? ಉಸಿರೇ ಬಿಡ್ತಿಲ್ಲ ನಾನು."

ಬೇಲಿಯಾಚೆಯಿಂದ ತ್ಸುದಾ ತಾತ ಇಣುಕಿದರು. "ಏನ್ರೀ ಇವಾಸೆಯಮ್ಮ, ರೇಷ್ಮೆ ಉಟ್ಕೊಂಡು ಪೊರಕೆ ಹಿಡ್ಕೊಂಡು ಯಾರಿಗೆ ಕಾಯ್ತಿದೀರ?"

"ಸುಮ್ನಿರ್ರೀ," ಎಂದರು ಅಜ್ಜಿ ತುಟಿ ಅಲುಗಿಸದೆ. "ಇಲ್ಲಿ ಕೆಲಸ ನಡೀತಿದೆ."

ತಾತನಿಗೆ ಏನೂ ತಿಳಿಯಲಿಲ್ಲ, ಆದರೂ ಟೋಪಿ ತೆಗೆದು ಗೌರವದಿಂದ ನಿಂತರು. ಚಹಾ ಆರಿತು. ಅಜ್ಜಿಯ ಮೊಣಕೈ ನಡುಗತೊಡಗಿತು. ಕೊನೆಗೆ ಬಿಸಿಲು ಮರ ದಾಟಿ ಬಂದು ಸೊಟ್ಟಸೊಟ್ಟಾದ ಎಳೆಗಳ ಮೇಲೆ ಬಿದ್ದಾಗ, ಕೊಹಾರು ಹೆಬ್ಬೆರಳನ್ನು ದೂರ ಇಟ್ಟು, ಉಸಿರು ಹಿಡಿದು, ಒತ್ತಿದಳು.

"ಇದೂ ಒಂದು ಬಲೆನಾ?" ಎಂದ ಮಿಶಿಮಾ ಸಂಜೆ. "ನಾಲ್ಕು ದಾರ ಇದೆ ಅಷ್ಟೆ." ಆಮೇಲೆ ಚಿತ್ರವನ್ನು ಕಣ್ಣಿನ ಹತ್ತಿರ ತಂದ. ದಾರಗಳು ಎಳೆಎಳೆಯಾಗಿ ಸ್ಪಷ್ಟ. ಅವುಗಳ ಹಿಂದೆ, ಮದುವೆ ಕಿಮೊನೊದಲ್ಲಿ, ಪೊರಕೆಯನ್ನು ಬಾವುಟದ ಹಾಗೆ ಹಿಡಿದು, ಕೆನ್ನೆ ಉಬ್ಬಿಸಿ ಉಸಿರು ಕಟ್ಟಿದ ಅಜ್ಜಿ. ಅವನು ಗೋಡೆಯಿಂದ ತನ್ನದೊಂದು ಮೋಡ ಕೆಳಗಿಳಿಸಿದ.

ಹಬ್ಬದ ದಿನ ಇವಾಸೆ ಅಜ್ಜಿ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದರು. ಚಿತ್ರದ ಮುಂದೆ ಎಲ್ಲರೂ ಆಹಾ ಓಹೋ ಅಂದರು. ಅಜ್ಜಿ ಮಾತ್ರ ತಲೆಯೆತ್ತಿ, ಚಿತ್ರದ ಮೇಲಿದ್ದ ಸೂರಿನ ಮೂಲೆಯನ್ನೇ ನೋಡುತ್ತಿದ್ದರು. ಅಲ್ಲೊಂದು ನಿಜವಾದ ಜೇಡರ ಬಲೆ, ಧೂಳು ಹಿಡಿದು ಜೋಲುತ್ತಿತ್ತು.

ಅಜ್ಜಿ ಕೊಹಾರುವಿನ ತೋಳು ಜಗ್ಗಿ ಕಿವಿಯಲ್ಲಿ ಕೇಳಿದರು.

"ಅದು ನಿಂಗೆ ಬೇಕಾ? ಇಲ್ಲ ಗುಡಿಸ್ಲಾ?"