ಸಾಕ್ಷಿಯಲ್ಲಿ ಬಿಟ್ಟ ಮಾತು

ನೀರು ಮೊಣಕಾಲಿಗೆ ಬಂತು, ಕಾಲಡಿಯ ಕಲ್ಲು ಪಾಚಿ ಕಟ್ಟಿ ಜಾರುತ್ತಿದೆ, ಹೇಮಾವತಿ ಇಷ್ಟು ತಣ್ಣಗಿರುತ್ತದೆಂದು ಅಂದುಕೊಂಡಿರಲಿಲ್ಲ, ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಸೊಂಟದ ಮಟ್ಟ, ಅಲ್ಲಿ ಪಾಸ್ಟರ್ ನಿಂತಿದ್ದಾರೆ, ಅವರ ಎಡಕ್ಕೆ ನಾನು ನಿಲ್ಲಬೇಕು, ದೀಕ್ಷಾಸ್ನಾನಕ್ಕೆ ಮುಳುಗಿದವರ ಬೆನ್ನಿಗೆ ಕೈಕೊಟ್ಟು ಎತ್ತುವುದು ನನ್ನ ಕೆಲಸ, ನಾನು ಕಲಿಸಿದ ಮಕ್ಕಳಲ್ಲವೇ — ಎಂಟು ತಿಂಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಚನ್ನರಾಯಪಟ್ಟಣದ ನನ್ನ ಜೆರಾಕ್ಸ್ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಬಂದು, ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸಿ, ಪ್ರಾರ್ಥನೆ ಹೇಗೆ ಮಾಡುವುದು, ಮನೆಯವರು ಬೈದರೆ ಹೇಗೆ ತಾಳಿಕೊಳ್ಳುವುದು, ಹಬ್ಬದ ದಿನ ಅಪ್ಪನ ಎದುರು ಹೇಗೆ ನಡೆದುಕೊಳ್ಳುವುದು, ಎಲ್ಲ ಹೇಳಿಕೊಟ್ಟವನು ನಾನೇ, ಶಶಿಯಣ್ಣ ಎಂದು ಬಾಯ್ತುಂಬ ಕರೆಯುವ ಮೂವರು ದಡದಲ್ಲಿ ಬಿಳಿ ಬಟ್ಟೆಯುಟ್ಟು ನಿಂತಿದ್ದಾರೆ, ಅರಕಲಗೂಡಿನ ಅಣ್ಣತಮ್ಮಂದಿರಿಬ್ಬರು ಮೊದಲು, ಕೊನೆಗೆ ಹರದನಹಳ್ಳಿಯ ನಿಸರ್ಗ, ಬಿ.ಕಾಂ. ಕೊನೆಯ ವರ್ಷ, ಹನ್ನೆರಡನೇ ವಯಸ್ಸಿನಿಂದ ಫಿಟ್ಸ್, ಹದಿನೇಳು ದಿನದಿಂದ ಮಾತ್ರೆ ನುಂಗಿಲ್ಲ.

ಅವಳ ತಾಯಿ ರೇವಮ್ಮನಿಗೆ ಇದು ಗೊತ್ತಿಲ್ಲ, ಪಾಸ್ಟರಿಗೂ ಗೊತ್ತಿಲ್ಲ, ನನಗೆ ಗೊತ್ತು, ಹೋದ ಶನಿವಾರ ಪಾಠ ಮುಗಿಯುವ ಹೊತ್ತಿಗೆ ಅವಳೇ ಎದ್ದು ನಿಂತು ಹೇಳಿದಳು, ಅಣ್ಣ, ನಾನು ಮಾತ್ರೆ ಬಿಟ್ಟು ಹತ್ತು ದಿನ ಆಯ್ತು, ಒಂದು ಸಲಾನೂ ಬಿದ್ದಿಲ್ಲ, ನಿಮ್ಮ ಸಾಕ್ಷಿ ಕೇಳಿದ ಮೇಲೇ ಧೈರ್ಯ ಬಂದಿದ್ದು — ಉಳಿದವರು ಸ್ತೋತ್ರ ಸ್ತೋತ್ರ ಎಂದು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಈ ಕೈಗಳೇ ತಟ್ಟಿದವು. ಯಾವ ಸಾಕ್ಷಿ, ಎಂಟು ವರ್ಷದ ಹಿಂದೆ ನನಗೆ ಟಿ.ಬಿ. ಬಂದಾಗ ಯೇಸು ಮುಟ್ಟಿ ವಾಸಿ ಮಾಡಿದ ಎಂಬ ಸಾಕ್ಷಿ, ಮೊದಲ ಸಲ ಹಾಸನದ ಕೂಟದಲ್ಲಿ ಹೇಳಿದಾಗ ಎಲ್ಲ ಇತ್ತು, ಸರ್ಕಾರಿ ಆಸ್ಪತ್ರೆಯ ಮಾತ್ರೆ, ಆರು ತಿಂಗಳು, ಆ ಮಾತ್ರೆಗೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಮೂತ್ರ, ಮನೆ ಬಾಗಿಲಿಗೆ ಬಂದು ನುಂಗಿಸಿ ಹೋಗುತ್ತಿದ್ದ ಆಶಾ ಕಾರ್ಯಕರ್ತೆ, ಯಾರೂ ಅಳಲಿಲ್ಲ, ಎರಡನೇ ಸಲ ಹೇಳುವಾಗ ಮಾತ್ರೆಯ ಮಾತು ಬಿಟ್ಟುಹೋಯಿತು, ಮೂರನೇ ಸಲಕ್ಕೆ ಡಾಕ್ಟರು ಕೈಚೆಲ್ಲಿಬಿಟ್ಟಿದ್ದರು, ನಿಜಕ್ಕೂ ಯಾವ ಡಾಕ್ಟರೂ ಕೈಚೆಲ್ಲಿರಲಿಲ್ಲ, ಅರಕಲಗೂಡಿನಲ್ಲಿ ಹೇಳಿದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ಮುಂದಿನ ಸಾಲಿನಲ್ಲಿ ನಿಸರ್ಗ ಕೂತಿದ್ದಳು.

ಮೊದಲನೆಯವನು ಮುಳುಗಿದ, ಎದ್ದ, ಬೆನ್ನು ಹಿಡಿದೆ, ಹಗುರವಾಗಿದ್ದಾನೆ, ನಗುತ್ತಿದ್ದಾನೆ, ದಡದಲ್ಲಿ ಹಾಡು ಏರಿತು, ಎರಡನೆಯವನು ಬರುತ್ತಿದ್ದಾನೆ — ಪಾಸ್ಟರ ಕಿವಿಯಲ್ಲಿ ಮೆಲ್ಲಗೆ ಹೇಳಬಹುದು, ಆ ಹುಡುಗಿಗೆ ಜ್ವರ, ಇವತ್ತು ಬೇಡ ಎನ್ನಬಹುದು, ಒಂದು ಸುಳ್ಳಿಗೆ ಇನ್ನೊಂದು ತೇಪೆ, ನಾಳೆಯೂ ಅವಳು ಮಾತ್ರೆ ನುಂಗುವುದಿಲ್ಲ, ಇಲ್ಲಿ ಬೀಳದಿದ್ದರೆ ಬಾವಿಕಟ್ಟೆಯಲ್ಲಿ ಬೀಳುತ್ತಾಳೆ, ಒಲೆಯ ಮುಂದೆ ಬೀಳುತ್ತಾಳೆ. ಬೆಳಿಗ್ಗೆ ರೇವಮ್ಮ ಬಸ್ಸಿಳಿದು ನನ್ನ ಮುಂದೆ ನಿಂತು ಹೇಳಿದ್ದೇನು, ಅವ್ರಪ್ಪ ತಿಂಗ್ಳಿಂದ ಮಾತಾಡಿಲ್ಲ, ನಾನು ಮಾತ್ರ ಬಂದ್ಬುಟ್ಟೆ, ಯಾವ ದೇವ್ರಿಗಾರ ಕೈ ಮುಗೀಲಿ ಸಾ, ಅವ್ಳು ಬೀಳ್ದಂಗೆ ನೋಡ್ಕಂಡ್ರೆ ಸಾಕು — ನಾನು ತಲೆಯಾಡಿಸಿದೆ, ತಲೆಯಾಡಿಸಿ ನೀರಿಗಿಳಿದೆ. ಎರಡನೆಯವನೂ ಎದ್ದ, ಕೆಮ್ಮಿದ, ದಡದತ್ತ ಹೊರಟ, ಈಗ ಅವಳು, ಪಾದ ಮುಳುಗಿತು, ಮೊಣಕಾಲು ಮುಳುಗಿತು, ಕಣ್ಣು ನನ್ನ ಮೇಲೆಯೇ, ಪಾಸ್ಟರ್ ಕೈ ಚಾಚಿದರು, ಒಂದು ಕ್ಷಣ ಅವಳ ರೆಪ್ಪೆ ಪಟಪಟನೆ ಬಡಿಯಿತೇ, ಬಿಸಿಲಿಗಿರಬಹುದು, ಬಿಸಿಲಿಗಲ್ಲದೆಯೂ ಇರಬಹುದು, ನನ್ನ ಬಾಯಿ ತೆರೆಯಿತು, ನಿಲ್ಲಮ್ಮ ಅಲ್ಲೇ, ಬರಬೇಡ.

ಹಾಡು ನಿಂತಿತು. ಹೇಳಿದೆ, ಎಲ್ಲರಿಗೂ ಕೇಳುವಂತೆ ಹೇಳಿದೆ, ನಾನು ಆರು ತಿಂಗಳು ಮಾತ್ರೆ ನುಂಗಿ ವಾಸಿಯಾದವನು, ಒಂದು ದಿನವೂ ಬಿಟ್ಟಿರಲಿಲ್ಲ, ಡಾಕ್ಟರು ಕೈಬಿಟ್ಟರು ಅಂದಿದ್ದು ಸುಳ್ಳು, ಪ್ರಾರ್ಥನೆ ಮಾಡಿದ್ದು ನಿಜ, ಮಾತ್ರೆ ನುಂಗಿದ್ದೂ ಅಷ್ಟೇ ನಿಜ, ಈ ಮಗು ನನ್ನ ಮಾತು ನಂಬಿ ಫಿಟ್ಸ್ ಮಾತ್ರೆ ಬಿಟ್ಟಿದೆ — ಶಶಿ, ಇದು ಇಲ್ಲಿ ಹೇಳೋ ಮಾತಾ ಎಂದರು ಪಾಸ್ಟರ್, ಇಲ್ಲೇ ಎಂದೆ, ಹಲ್ಲು ಕಟಕಟಿಸುತ್ತಿತ್ತು, ಅವರು ನನ್ನ ಮುಖ ನೋಡಿದರು, ಚಾಚಿದ ಕೈ ನಿಧಾನಕ್ಕೆ ಕೆಳಗಿಳಿಸಿದರು, ರೇವಮ್ಮ ಚಪ್ಪಲಿಕಾಲಲ್ಲೇ ನೀರಿಗಿಳಿದಳು, ಮಗಳ ತೋಳು ಹಿಡಿದಳು, ಬುಟ್ಬುಟ್ಟಿದ್ದೀಯೇನೇ, ನನ್ ಮುಂದೆ ನುಂಗ್ದಂಗೆ ಮಾಡಿ ಉಗುಳ್ತಿದ್ಯಾ, ಆಮೇಲೆ ನನ್ನತ್ತ ತಿರುಗಿದಳು, ನಿಮ್ಮನ್ನ ನಂಬಿ ಕಳಿಸ್ದೆ ಕಣ ಸಾ, ಅಷ್ಟೇ, ಬೈದಿದ್ದರೆ ಚೆನ್ನಾಗಿತ್ತು. ನಿಸರ್ಗ ತಾಯಿಯ ಹಿಡಿತದಲ್ಲೇ ನಿಂತು ಕೇಳಿದಳು, ಧ್ವನಿ ಏರಲಿಲ್ಲ, ಹಂಗಾದ್ರೆ ನೀವು ಹೇಳಿಕೊಟ್ಟ ಬೇರೇದೆಲ್ಲ ಏನಣ್ಣ — ನನಗೆ ಬರುವ ಬೈಬಲ್ ವಾಕ್ಯಗಳೆಲ್ಲ ನಾಲಿಗೆಯವರೆಗೆ ಬಂದವು, ಒಂದನ್ನೂ ಆಡಲು ಮನಸ್ಸಾಗಲಿಲ್ಲ, ಬೇರೇದನ್ನ ನಾನು ನಂಬಿದ್ದೀನಮ್ಮ, ನೀನು ನನ್ನ ಮಾತಿನ ಮೇಲೆ ನಂಬಬೇಡ ಎಂದೆ, ನಾಳೆ ಹಾಸನದ ಡಾಕ್ಟರ ಹತ್ತಿರ ನಾನೂ ಬರುತ್ತೇನೆ, ಅವರ ಮುಂದೆಯೂ ಹೇಳುತ್ತೇನೆ ಎಂದೆ. ಅವಳು ದಡ ಹತ್ತಿದಳು, ರೇವಮ್ಮ ಆಸ್ಪತ್ರೆಗೆ ಫೋನು ಮಾಡಿ ಈಗಲೇ ಕೊಡಬಹುದೇ ಎಂದು ಕೇಳಿದಳು, ಕೈಚೀಲದಿಂದ ಮಾತ್ರೆ ತೆಗೆದಳು, ಬಾಟಲಿ ಕೊಟ್ಟಳು, ನಿಸರ್ಗ ಬಾಯಿಗೆ ಹಾಕಿಕೊಂಡು ನೀರು ಕುಡಿದಳು, ಉಗುಳಲಿಲ್ಲ, ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತು, ನನ್ನನ್ನೇ ನೋಡುತ್ತಾ ನುಂಗಿದಳು, ಅವಳ ತೆಳ್ಳನೆ ಗಂಟಲು ಒಮ್ಮೆ ಏರಿ ಇಳಿಯಿತು — ಯಾರೋ ನನ್ನನ್ನು ಮೇಲೆ ಕರೆಯುತ್ತಿದ್ದಾರೆ, ಕಾಲು ಮರಗಟ್ಟಿದೆ, ಆ ಗಂಟಲು, ಏರಿ ಇಳಿದದ್ದು, ಆ ಕಣ್ಣು ನನ್ನ ಮೇಲಿದ್ದಂತೆಯೇ, ಏರಿ, ಇಳಿದದ್ದು