ಬಂಗಾರಿಯ ರಫ್ ಪುಸ್ತಕ

ಎರಡು ಸಾವಿರದ ಆರನೇ ಇಸವಿ, ಹೊನ್ನಾವರದ ಒಂದು ಸಭಾಂಗಣ. ನಮ್ಮ ರೋಬೋಟ್ ಬಂಗಾರಿ ಇಳಿಜಾರು ಹತ್ತಿ, ಐದು ಮರದ ತುಂಡುಗಳಲ್ಲಿ ನಾಲ್ಕನ್ನು ಎತ್ತಿಟ್ಟಳು. ಭಟ್ಕಳದ ಇಂಜಿನಿಯರಿಂಗ್ ವಿದ್ಯಾರ್ಥಿಗಳಾದ ನಾವು ಮೂವರೂ ಕುಣಿಯುವುದೊಂದು ಬಾಕಿ. ಕುಮಟೆಯ ತಂಡಕ್ಕೂ ನಮಗೂ ಅಂಕ ಸರಿಸಮ. ಉಳಿದದ್ದು ರೋಬೋಟ್ ಕಟ್ಟಿದ ಬಗೆ ಬರೆದಿಡುವ ವಿನ್ಯಾಸ ಪುಸ್ತಕದ ಮೂವತ್ತು ಅಂಕ. ಅದರಲ್ಲಿ ಗೆದ್ದವರು ಹುಬ್ಬಳ್ಳಿಯ ಮುಂದಿನ ಸುತ್ತಿಗೆ.

ಪುಸ್ತಕದ ಬಗ್ಗೆ ನಮಗೆ ಅಂಜಿಕೆಯೇ ಇರಲಿಲ್ಲ. ನಮ್ಮ ತಂಡದ ಸುಪ್ರಿಯಾ, ಮಿರ್ಜಾನದವಳು, ಲ್ಯಾಬ್ ರೆಕಾರ್ಡ್ ಬರೆಯುವ ಹಾಗೆಯೇ ಅದನ್ನು ರಫ್ ಪುಸ್ತಕದಿಂದ ಫೇರ್ ಮಾಡಿದ್ದಳು. ಮೂರು ತಿಂಗಳ ಕೆಲಸ, ಒಂದೇ ವಾರದಲ್ಲಿ. ಬಲಕ್ಕೆ ಮುತ್ತಿನಂಥ ಅಕ್ಷರ, ಎಡಕ್ಕೆ ಪೆನ್ಸಿಲ್ ಚಿತ್ರ, ಅಂಚಿಗೆ ಕೆಂಪು ಗೆರೆ. ಒಂದೂ ಚಿತ್ತುಕಾಟಿಲ್ಲ.

ತೀರ್ಪುಗಾರ ರಮಾನಂದರು ದೋಣಿ ಇಂಜಿನ್ ರಿಪೇರಿಯಲ್ಲಿ ಕೂದಲು ಬೆಳ್ಳಗಾದವರು. ಪುಟ ತಿರುವುತ್ತಾ ಅವರ ಮುಖ ಸಪ್ಪಗಾಯಿತು.

"ಮೂರು ತಿಂಗಳು ಒಂದೇ ಪೆನ್ನಾ?"

"ಹೌದು ಸರ್," ಎಂದಳು ಸುಪ್ರಿಯಾ, ಹೆಮ್ಮೆಯಿಂದ.

"ಮೋಟಾರ್ ಒಂದ್ಸಲಾನೂ ಕೆಡ್ಲಿಲ್ಲ?"

"ಕೆಟ್ಟಿತ್ತು ಸರ್. ಅದೆಲ್ಲ ಫೇರಿಗೆ ಹಾಕ್ಲಿಲ್ಲ."

"ಇದು ಮದುವೆ ಆಲ್ಬಮ್ ಆತು ತಂಗಿ. ಒಳಗೆ ನಡೆದ ಜಗಳ ಎಲ್ಲಿ? ಕೆಟ್ಟದ್ದೇ ಬರೀದಿದ್ರೆ ನಾನು ಎಂತಕ್ಕೆ ಅಂಕ ಕೊಡೂದು? ರಫ್ ಇದ್ರೆ ತನ್ನಿ. ಹತ್ತು ನಿಮಿಷ ಕಾಯ್ತೆ."

ರಫ್ ಪುಸ್ತಕ ನಮ್ಮ ಸಾಮಾನಿನ ಪೆಟ್ಟಿಗೆಯ ತಳದಲ್ಲಿತ್ತು. ತಂಡದ ಮೂರನೆಯವನು, ಬೆಳಕೆಯ ಗುರುದತ್ತ, ಅದನ್ನು ಎಳೆಯಹೋದ. ನಾನು ಅದರ ಮೇಲೆ ಕೈಯೂರಿದೆ.

"ಬೇಡ ಮಾರಾಯ."

"ಎಂತಕ್ಕಾ?"

"ಅದ್ರೊಳಗೆ ಶ್ರೀಕೃಷ್ಣ ಸರ್ ಇದ್ದಾರೆ."

ದಿನದ ಕೆಲಸ ಬರೆದಿಡುವ ಪಾಳಿ ನನ್ನದಾಗಿತ್ತು. ಬೇಜಾರು ಕಳೆಯಲು ಪ್ರತಿ ಪುಟವನ್ನೂ ನಮ್ಮ ವಿಭಾಗದ ಮುಖ್ಯಸ್ಥರಾದ ಶ್ರೀಕೃಷ್ಣ ಸರ್ ಮಾತಿನ ಧಾಟಿ ಅಣಕಿಸಿ, ಅವರ ದನಿಯಲ್ಲೇ ಬರೆದಿದ್ದೆ. ಆ ಮುಖ್ಯಸ್ಥರೇ ಈಗ ರಮಾನಂದರ ಬೆನ್ನ ಹಿಂದಿನ ಕುರ್ಚಿಯಲ್ಲಿದ್ದರು. ಮುಂದಿನ ತಿಂಗಳು ನನ್ನ ಇಂಟರ್ನಲ್ ಅಂಕ ಹಾಕುವವರೂ ಅವರೇ.

"ನಿಂಗೆ ಇಂಟರ್ನಲ್ ಬೇಕಾ, ಹುಬ್ಬಳ್ಳಿ ಬೇಕಾ?" ಗುರುದತ್ತ ಕೇಳಿದ.

"ಎರಡೂ."

"ಕೈ ತೆಗಿ. ಒಂದಾದ್ರೂ ಸಿಗ್ಲಿ."

ಸುಪ್ರಿಯಾಳ ಕಣ್ಣು ತುಂಬಿಕೊಂಡಿತ್ತು. ಪುಸ್ತಕವನ್ನು ನಾನೇ ಒಯ್ದು ಕೊಟ್ಟೆ.

ರಮಾನಂದರು ಕನ್ನಡಕ ಏರಿಸಿ ಗಟ್ಟಿಯಾಗಿಯೇ ಓದತೊಡಗಿದರು. "'ಬಂಗಾರಿ ನಿಂತಳು. ಅಂದ್ರೆ ಎಂತ? ಮೋಟಾರಿನಿಂದ ಹೊಗೆ. ಅಂದ್ರೆ ಎಂತ? ಭಾರ ಎಳೆಯಲಿಲ್ಲ. ಅಂದ್ರೆ ಎಂತ? ಮೋಟಾರಿಗೆ ಹನ್ನೆರಡು ಹಲ್ಲಿನ ಗಿಯರ್ ಬೇಕಾದಲ್ಲಿ ಮೂವತ್ತರದ್ದು ಹಾಕಿದ್ದೀರಿ ಮಹಾನುಭಾವರೇ.'"

ಸಭಾಂಗಣದ ಹಿಂದಿನ ಸಾಲಿನಲ್ಲಿ ನಮ್ಮ ಕಾಲೇಜಿನವರು ಕಿಸಕ್ಕೆಂದರು. ದನಿ ಯಾರದೆಂದು ಎಲ್ಲರಿಗೂ ಗೊತ್ತಾಗಿತ್ತು. ನಾನು ನೆಲ ನೋಡಿದೆ. ರಮಾನಂದರು ಮಾತ್ರ ನಗಲಿಲ್ಲ. ಅದರಲ್ಲಿದ್ದ ಒಂಬತ್ತು ಸೋಲುಗಳನ್ನೂ ಬೆರಳಿಟ್ಟು ಓದಿ ಮುಗಿಸಿದರು.

"ಪ್ರತಿ ಸಲ ಬುಡ ಸಿಗೂವರೆಗೂ ಕೇಳಿದ್ದೀರಿ. ಹೀಗೆ ಕೇಳೂಕೆ ಕಲಿಸಿದ್ದು ಯಾರು?"

"ನಮ್ಮ ಸರ್," ಎಂದು ಕೈ ತೋರಿಸಿದೆ.

ಶ್ರೀಕೃಷ್ಣ ಸರ್ ಎದ್ದು ಬಂದು ಎರಡು ಪುಟ ಓದಿದರು. "ನಾ ಇಷ್ಟೊಂದು ಸಲ 'ಅಂದ್ರೆ ಎಂತ' ಹೇಳ್ತೆನಾ?"

"ಇದು ಕಮ್ಮಿ ಸರ್," ಎಂದಳು ಸುಪ್ರಿಯಾ.

ನಮಗೆ ಇಪ್ಪತ್ತಾರು ಬಂತು, ಕುಮಟೆಗೆ ಇಪ್ಪತ್ಮೂರು. ಗುರುದತ್ತ ಬಂಗಾರಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಸಭಾಂಗಣ ಸುತ್ತಿದ. ಹಿಂದೆ ಓಡಲು ಹೊರಟ ನನ್ನ ಭುಜದ ಮೇಲೆ ಸರ್ ಕೈ ಬಿತ್ತು.

"ಹುಬ್ಬಳ್ಳಿ ಬಸ್ಸಲ್ಲಿ ನನ್ನ ಪಕ್ಕ ಕೂತ್ಕೊ. ಈ ಪುಸ್ತಕ ಪೂರ್ತಿ ಓದ್ಬೇಕು ನೀನು. ನನ್ನ ದನಿಯಲ್ಲೇ."